ವೀಳ್ಯದೆಲೆಯ ಸಾರ ತೆಗೆದ ಹತ್ತು ತಿಂಗಳು

ಮೈಸೂರಿನ ದೇವರಾಜ ಮಾರುಕಟ್ಟೆಗೆ ಬೆಳಿಗ್ಗೆ ಏಳು ಗಂಟೆಗೆ ಹೋಗಿ ಹತ್ತು ಕಟ್ಟು ವೀಳ್ಯದೆಲೆ ಕೇಳಿದಾಗ, ಅಂಗಡಿಯ ಯಜಮಾನರು ಮದುವೆಗೋ ಪೂಜೆಗೋ ಎಂದು ವಿಚಾರಿಸಿದರು. ಕಾಲೇಜಿನಲ್ಲಿ ಎಲೆಯೊಳಗಿನ ರಾಸಾಯನಿಕಗಳನ್ನು ಅಳೆಯುವ ಕೆಲಸವಿದೆ ಎಂದೆ. ಅವರು ಸ್ವಲ್ಪ ಯೋಚಿಸಿ, “ಹಂಗಾದ್ರೆ ಚಿಗುರೆಲೆ ಬೇಕೋ ಬಲಿತಿರೋದು ಬೇಕೋ ಮೊದ್ಲು ಹೇಳಮ್ಮ. ಎರಡ್ರ ಖಾರಾನೂ ಒಂದೇ ಅಲ್ಲ” ಎಂದರು. ನಾನು ಬರೆದು ಒಪ್ಪಿಸಿದ್ದ ಹನ್ನೆರಡು ಪುಟಗಳ ಸಂಶೋಧನಾ ಪ್ರಸ್ತಾವದಲ್ಲಿ ದ್ರಾವಕಗಳ ಹೆಸರು, ಅವುಗಳ ಕುದಿಬಿಂದು, ಉಪಕರಣಗಳ ಪಟ್ಟಿ ಎಲ್ಲವೂ ಇದ್ದವು. ಎಲೆಯ ವಯಸ್ಸಿನ ಮಾತು ಒಂದು ಸಾಲಿನಲ್ಲಿಯೂ ಇರಲಿಲ್ಲ. ಬಲಿತ ಎಲೆಯನ್ನೇ ಕೊಡಿ ಎಂದು ಆ ಕ್ಷಣಕ್ಕೆ ಹೇಳಿ, ಚೀಲ ಹೊತ್ತು ಬಸ್ಸು ಹತ್ತಿದೆ.

ಒಂದೇ ಸಸ್ಯದ ಎಲೆಯಿಂದ ಬೇರೆ ಬೇರೆ ದ್ರಾವಕಗಳಲ್ಲಿ, ಬೇರೆ ಬೇರೆ ವಿಧಾನಗಳಲ್ಲಿ ಸಾರ ತೆಗೆದು, ಯಾವುದರಿಂದ ಏನು ಎಷ್ಟು ಹೊರಬರುತ್ತದೆ ಎಂದು ಹೋಲಿಸುವುದು ನನ್ನ ವಿಷಯವಾಗಿತ್ತು. ಮೈಸೂರಿನ ವೀಳ್ಯದೆಲೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಅದರ ಮೃದುತ್ವವನ್ನೂ ಬಾಯಲ್ಲಿ ಉಳಿಯುವ ರುಚಿಯನ್ನೂ ಇಲ್ಲಿಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ರಸಾಯನಶಾಸ್ತ್ರದ ಕಣ್ಣಿಗೂ ಅದು ಒಳ್ಳೆಯ ಆಯ್ಕೆಯೇ. ಈ ಎಲೆಯಲ್ಲಿ ಲವಂಗದ ಪರಿಮಳದ ಯೂಜೆನಾಲ್, ಅದರ ಹತ್ತಿರದ ಬಂಧುವಾದ ಚಾವಿಬಿಟಾಲ್ ಮುಂತಾದ ಆವಿಯಾಗುವ ಸಂಯುಕ್ತಗಳೂ, ಹೈಡ್ರಾಕ್ಸಿಚಾವಿಕಾಲ್ ಎಂಬ, ಎರಡು ಹೈಡ್ರಾಕ್ಸಿಲ್ ಗುಂಪುಗಳುಳ್ಳ ಫಿನಾಲೂ (ಇಂಗಾಲದ ಉಂಗುರಕ್ಕೆ ಆಮ್ಲಜನಕ–ಜಲಜನಕದ ಹೈಡ್ರಾಕ್ಸಿಲ್ ಗುಂಪು ಅಂಟಿದ ಸಂಯುಕ್ತ) ಇವೆ. ಇವುಗಳ ಜೊತೆಗೆ ಮೇಣ, ಪತ್ರಹರಿತ್ತು, ಸಕ್ಕರೆ, ಲವಣಗಳು ಇದ್ದೇ ಇರುತ್ತವೆ. ಎಣ್ಣೆಯಂಥವುಗಳಿಂದ ಹಿಡಿದು ನೀರಿನಲ್ಲಿ ಸಲೀಸಾಗಿ ಕರಗುವವುಗಳವರೆಗೆ ಎಲ್ಲ ಬಗೆಯೂ ಒಂದೇ ಎಲೆಯಲ್ಲಿ ಸಿಗುವುದರಿಂದ ದ್ರಾವಕಗಳ ಗುಣವನ್ನು ಪರೀಕ್ಷಿಸಲು ಇದಕ್ಕಿಂತ ಅನುಕೂಲವಾದ ಎಲೆ ನನಗೆ ಹೊಳೆಯಲಿಲ್ಲ.

ಮೊದಲ ತಪ್ಪು ಒಣಗಿಸುವಲ್ಲಿಯೇ ಆಯಿತು. ಹಸಿ ವೀಳ್ಯದೆಲೆಯ ತೂಕದಲ್ಲಿ ಬಹುಪಾಲು ನೀರು. ಎರಡು ಕಿಲೋ ಎಲೆ ಒಣಗಿದ ಮೇಲೆ ಮುನ್ನೂರು ಗ್ರಾಂ ಉಳಿದರೆ ಅದೇ ಹೆಚ್ಚು. ಬೇಗ ಮುಗಿಸುವ ಆತುರದಲ್ಲಿ ನಾನು ಎಲೆಗಳನ್ನು 60 ಡಿಗ್ರಿ ಸೆಲ್ಸಿಯಸ್‌ನ ಓವನ್ನಿನಲ್ಲಿ ರಾತ್ರಿಯಿಡೀ ಇಟ್ಟೆ. ಮರುದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದಾಗ ಇಡೀ ಕೋಣೆ ಲವಂಗದ ಹಾಗೆ ಘಮಘಮಿಸುತ್ತಿತ್ತು. ನನಗೆ ಸಂತೋಷವೇ ಆಯಿತು. ಮಾರ್ಗದರ್ಶಕಿ ಮೇಡಂ ಒಳಗೆ ಬಂದವರು ಒಮ್ಮೆ ಉಸಿರೆಳೆದುಕೊಂಡು, “ನೋಡಮ್ಮ, ನೀನು ಅಳೆಯಬೇಕಾಗಿದ್ದದ್ದು ಈಗ ಗಾಳಿಯಲ್ಲಿದೆ” ಎಂದರು. ಯೂಜೆನಾಲ್‌ನ ಕುದಿಬಿಂದು 254 ಡಿಗ್ರಿಯಾದ್ದರಿಂದ 60 ಡಿಗ್ರಿಯಲ್ಲಿ ಅದು ಹೋಗಲಾರದು ಎಂದು ನಾನು ಭಾವಿಸಿದ್ದೆ. ಆದರೆ ಕುದಿಯುವುದಕ್ಕೂ ಆವಿಯಾಗುವುದಕ್ಕೂ ಇರುವ ವ್ಯತ್ಯಾಸ, ಒದ್ದೆ ಬಟ್ಟೆ ಒಣಗುವುದನ್ನು ಕಂಡ ಯಾರಿಗಾದರೂ ತಿಳಿದದ್ದೇ. ಎಲೆಯಿಂದ ಹೊರಡುವ ನೀರಿನ ಆವಿ ತನ್ನೊಡನೆ ಪರಿಮಳವನ್ನೂ ಹೊತ್ತುಕೊಂಡು ಹೋಗುತ್ತದೆ. ಆ ಕಂತನ್ನು ಕೈಬಿಟ್ಟು ಮತ್ತೆ ಮಾರುಕಟ್ಟೆಗೆ ಹೋದೆ. ಎರಡನೆಯ ಸಲ ಎಲೆಗಳನ್ನು ತೊಳೆದು, ಒರೆಸಿ, ಮಹಡಿಯ ಖಾಲಿ ಕೋಣೆಯಲ್ಲಿ ಬಿಳಿ ಬಟ್ಟೆಯ ಮೇಲೆ ಹರಡಿ, ಎಂಟು ದಿನ ನೆರಳಿನಲ್ಲಿ ಒಣಗಿಸಿದೆ. ನೆರಳಿನಲ್ಲಿ ಒಣಗಿಸಿದರೂ ನಷ್ಟ ಪೂರ್ತಿ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ.

ಪುಡಿ ಮಾಡಿ ಜರಡಿ ಹಿಡಿಯುವ ಕೆಲಸವನ್ನು ನಾನು ಲಘುವಾಗಿ ಕಂಡಿದ್ದೆ. ಪುಡಿಯ ಕಣಗಳು ದಪ್ಪವಾಗಿದ್ದರೆ ದ್ರಾವಕ ಒಳಗೆ ಇಳಿಯುವುದು ತಡವಾಗುತ್ತದೆ. ತೀರ ನುಣುಪಾದರೆ ಸೋಸುವ ಕಾಗದ ಕಟ್ಟಿಕೊಳ್ಳುತ್ತದೆ. ಒಂದೇ ಜರಡಿಯಲ್ಲಿ ಇಳಿದ ಪುಡಿಯನ್ನು ಮಾತ್ರ ಬಳಸಿ, ಎಲ್ಲವನ್ನೂ ಚೆನ್ನಾಗಿ ಬೆರೆಸಿ, ಕಂದು ಗಾಜಿನ ಬಾಟಲಿಯಲ್ಲಿ ಹಾಕಿ ತಂಪಿನಲ್ಲಿಟ್ಟೆ.

ದ್ರಾವಕಗಳನ್ನು ಆರಿಸುವಾಗ ಧ್ರುವೀಯತೆಯ, ಎಂದರೆ ಅಣುವಿನಲ್ಲಿ ವಿದ್ಯುದಾವೇಶ ಎಷ್ಟು ಅಸಮವಾಗಿ ಹಂಚಿಕೆಯಾಗಿದೆ ಎಂಬುದರ, ಏಣಿಯನ್ನು ಅನುಸರಿಸಿದೆವು: ಎಲ್ಲಕ್ಕಿಂತ ಕೆಳಗೆ ಹೆಕ್ಸೇನ್, ಅದರ ಮೇಲೆ ಈಥೈಲ್ ಅಸಿಟೇಟ್, ಆಮೇಲೆ ಮೆಥನಾಲ್, ಶೇಕಡಾ 70ರ ಎಥನಾಲ್, ಕೊನೆಗೆ ನೀರು. ಸಮಾನ ಗುಣದ್ದು ಸಮಾನ ಗುಣದ್ದರಲ್ಲಿ ಕರಗುತ್ತದೆ ಎಂಬ ಪಾಠವನ್ನು ಪಿಯುಸಿಯಿಂದಲೂ ಓದಿದ್ದೇನೆ. ಆದರೆ ಎಲೆಯೊಳಗೆ ಈ ಪಾಠ ಅರ್ಧ ಮಾತ್ರ ನಿಜ. ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್, ಎಲೆಯ ಬಣ್ಣಗಳನ್ನು ಬೇರ್ಪಡಿಸುವ ತಮ್ಮ ವಿಧಾನವನ್ನು 1903ರಲ್ಲಿ ವಾರ್ಸಾ ನಗರದಲ್ಲಿ ವಿವರಿಸಿದಾಗ ಗಮನಿಸಿದ್ದು ಇದನ್ನೇ. ಹೊರತೆಗೆದ ಪತ್ರಹರಿತ್ತು ಹೆಕ್ಸೇನಿನಂಥದೇ ದ್ರಾವಕವಾದ ಪೆಟ್ರೋಲಿಯಂ ಈಥರಿನಲ್ಲಿ ಕರಗುತ್ತದೆ. ಆದರೂ ಎಲೆಯನ್ನು ಅದರಲ್ಲಿಯೇ ಅರೆದರೆ ಹಳದಿ ಬಣ್ಣ ಬರುತ್ತದೆಯೇ ಹೊರತು ಹಸಿರು ಸರಿಯಾಗಿ ಬರುವುದಿಲ್ಲ. ಸ್ವಲ್ಪ ಆಲ್ಕೊಹಾಲ್ ಸೇರಿಸಿದರೆ ಬರುತ್ತದೆ. ಎಲೆಯ ಅಂಗಾಂಶ ಆ ಸಂಯುಕ್ತವನ್ನು ಹಿಡಿದುಕೊಂಡಿರುತ್ತದೆ. ಕರಗಿಸುವ ಶಕ್ತಿ ಒಂದು, ಹಿಡಿತ ಬಿಡಿಸುವ ಶಕ್ತಿ ಇನ್ನೊಂದು. ನನ್ನ ಹೆಕ್ಸೇನ್ ಸಾರ ಹೊನ್ನಿನ ಬಣ್ಣಕ್ಕಿದ್ದು ಮೆಥನಾಲ್ ಸಾರ ಕಡು ಹಸಿರಾಗಿ ಬಂದಾಗ, ನೂರು ವರ್ಷಕ್ಕೂ ಹಿಂದಿನ ಆ ಮಾತು ನನ್ನ ಕೈಯಲ್ಲಿದ್ದ ಫ್ಲಾಸ್ಕಿನಲ್ಲೇ ಕಂಡಿತು.

ವಿಧಾನಗಳು ಮೂರು: ನೆನೆಸುವುದು, ಸೋಕ್ಸ್‌ಲೆಟ್, ಅಲ್ಟ್ರಾಸೌಂಡ್. ಮೈಕ್ರೋವೇವ್ ಮತ್ತು ಒತ್ತಡದ ಇಂಗಾಲದ ಡೈಆಕ್ಸೈಡ್ ವಿಧಾನಗಳ ಉಪಕರಣಗಳು ನಮ್ಮಲ್ಲಿ ಇರಲಿಲ್ಲ, ಆದ್ದರಿಂದ ಅವುಗಳ ಮಾತು ಬಿಡುತ್ತೇನೆ. ಪ್ರತಿ ಸಲವೂ 5 ಗ್ರಾಂ ಪುಡಿ, 150 ಮಿಲಿಲೀಟರ್ ದ್ರಾವಕ, ಪ್ರತಿ ಜೋಡಿಯನ್ನೂ ಮೂರು ಬಾರಿ. ಐದು ದ್ರಾವಕ, ಮೂರು ವಿಧಾನ, ಮೂರು ಆವೃತ್ತಿ ಎಂದರೆ ಒಟ್ಟು ನಲವತ್ತೈದು ಸಾರಗಳು.

ನೆನೆಸುವುದು ಎಲ್ಲಕ್ಕಿಂತ ಸುಲಭವೆಂದು ಅದರಿಂದಲೇ ಆರಂಭಿಸಿದೆ. ಮುಚ್ಚಳದ ಫ್ಲಾಸ್ಕಿನಲ್ಲಿ ಪುಡಿ ಮತ್ತು ದ್ರಾವಕ ಹಾಕಿ 72 ಗಂಟೆ ಕತ್ತಲಲ್ಲಿಟ್ಟು, ಆಗಾಗ ಅಲುಗಿಸಿ, ವಾಟ್‌ಮನ್ ನಂ. 1 ಕಾಗದದಲ್ಲಿ ಸೋಸುವುದು. ಮೆಥನಾಲ್, ಎಥನಾಲ್ ಫ್ಲಾಸ್ಕುಗಳು ಸುಮ್ಮನೆ ಕುಳಿತು ಕೆಲಸ ಮಾಡಿದವು. ನೀರಿನ ಫ್ಲಾಸ್ಕು ಹಾಗಲ್ಲ. ಏಪ್ರಿಲ್ ತಿಂಗಳ ಸೆಕೆ. ಎರಡನೆಯ ದಿನದ ಸಂಜೆಗೆ ಅದರಿಂದ ಹುಳಿ ವಾಸನೆ ಏಳತೊಡಗಿತು, ಮೂರನೆಯ ದಿನ ಮೇಲೆ ತೆಳುವಾದ ಪೊರೆ ಕಟ್ಟಿತ್ತು. ಆಲ್ಕೊಹಾಲಿನಲ್ಲಿ ಸೂಕ್ಷ್ಮಜೀವಿಗಳು ಬದುಕುವುದಿಲ್ಲ. ನೀರಿನಲ್ಲಿ ಸಕ್ಕರೆ, ಉಷ್ಣ, ಸಮಯ ಮೂರೂ ಅವುಗಳಿಗೆ ಸಿಕ್ಕಿದ್ದವು. ಎಲ್ಲ ದ್ರಾವಕಗಳಿಗೂ ಒಂದೇ ಕಾಲಾವಧಿ ಕೊಡುವುದೇ ನ್ಯಾಯವೆಂದು ನಾನು ಎಣಿಸಿದ್ದೆ. ಆ ನ್ಯಾಯವೇ ನೀರಿನ ಪಾಲಿಗೆ ಅನ್ಯಾಯವಾಗಿತ್ತು. ಆಮೇಲೆ ನೀರಿನ ಮಾದರಿಗಳನ್ನು 4 ಡಿಗ್ರಿಯ ಫ್ರಿಜ್ಜಿನಲ್ಲಿ 24 ಗಂಟೆ ಮಾತ್ರ ಇಟ್ಟು, ಈ ವ್ಯತ್ಯಾಸವನ್ನು ಕೋಷ್ಟಕದ ಕೆಳಗೆ ಸ್ಪಷ್ಟವಾಗಿ ಬರೆದೆ.

ಸೋಕ್ಸ್‌ಲೆಟ್ ಉಪಕರಣವನ್ನು ಮೊದಲ ಸಲ ಕೆಲಸ ಮಾಡುವಾಗ ಕಂಡವರಿಗೆ ಅದರ ಮೇಲೆ ಪ್ರೀತಿ ಹುಟ್ಟದೆ ಇರದು. ಜರ್ಮನಿಯ ಫ್ರಾನ್ಸ್ ಫಾನ್ ಸೋಕ್ಸ್‌ಲೆಟ್ 1879ರಲ್ಲಿ ಇದನ್ನು ಬಳಕೆಗೆ ತಂದದ್ದು ಹಾಲಿನ ಕೊಬ್ಬನ್ನು ಅಳೆಯುವುದಕ್ಕಾಗಿ. ಕೆಳಗಿನ ಫ್ಲಾಸ್ಕಿನಲ್ಲಿ ದ್ರಾವಕ ಕುದಿಯುತ್ತದೆ, ಆವಿ ಪಕ್ಕದ ನಳಿಕೆಯಲ್ಲಿ ಮೇಲೇರಿ ಕಂಡೆನ್ಸರಿನಲ್ಲಿ ತಣಿದು, ಥಿಂಬಲ್ ಎಂಬ ಕಾಗದದ ಕೊಳವೆಯಲ್ಲಿರುವ ಪುಡಿಯ ಮೇಲೆ ತೊಟ್ಟು ತೊಟ್ಟಾಗಿ ಬೀಳುತ್ತದೆ. ದ್ರಾವಕದ ಮಟ್ಟ ಸೈಫನ್ ಎಂಬ ಬಾಗಿದ ನಳಿಕೆಯ ತುದಿ ಮುಟ್ಟಿದೊಡನೆ ಗೊಳಕ್ಕೆಂದು ಎಲ್ಲವೂ ಕೆಳಗಿಳಿಯುತ್ತದೆ. ಪುಡಿಗೆ ಪ್ರತಿ ಸುತ್ತಿನಲ್ಲೂ ಹೊಸ ದ್ರಾವಕವೇ ಸಿಗುವುದರಿಂದ ನೆನೆಸುವಿಕೆಯಂತೆ ಸಮತೋಲನಕ್ಕೆ ಬಂದು ನಿಲ್ಲುವುದಿಲ್ಲ. ಆದರೆ ಇದರ ಇನ್ನೊಂದು ಮುಖವನ್ನು ನಾನು ತಿಂಗಳುಗಟ್ಟಲೆ ಗಮನಿಸಿರಲಿಲ್ಲ. ಪುಡಿಯ ಮೇಲೆ ಬೀಳುವುದು ಬೆಚ್ಚಗಿನ ದ್ರಾವಕ. ಹೊರಬಂದ ಸಂಯುಕ್ತಗಳು ಕೆಳಗಿನ ಫ್ಲಾಸ್ಕಿನಲ್ಲಿ ಕೂಡಿಕೊಂಡು, ಎಂಟು ಗಂಟೆಯ ಕೊನೆಯವರೆಗೂ ಕುದಿಯುತ್ತಲೇ ಇರುತ್ತವೆ. ಹೈಡ್ರಾಕ್ಸಿಚಾವಿಕಾಲ್‌ನಂಥ ಸಂಯುಕ್ತ ಗಾಳಿ ಮತ್ತು ಶಾಖದ ಎದುರು ಸುಲಭವಾಗಿ ಉತ್ಕರ್ಷಣೆಗೆ ಒಳಗಾಗುತ್ತದೆ. ಒಂದು ದಿನ ಎರಡು ಗಂಟೆಗೊಮ್ಮೆ ಫ್ಲಾಸ್ಕಿನಿಂದ ಸ್ವಲ್ಪ ಸ್ವಲ್ಪ ತೆಗೆದು ನೋಡಿದಾಗ, ನಾಲ್ಕನೆಯ ಗಂಟೆಯ ನಂತರ ಹೊಸದಾಗಿ ಏನೂ ಸೇರುತ್ತಿರಲಿಲ್ಲ, ಬಣ್ಣ ಮಾತ್ರ ಕಂದಾಗುತ್ತ ಹೋಗುತ್ತಿತ್ತು. ಅಲ್ಲಿಂದ ಮುಂದೆ ನಾಲ್ಕೇ ಗಂಟೆಗೆ ನಿಲ್ಲಿಸಿದೆ.

ಕಂಡೆನ್ಸರಿಗೆ ನೀರು ಬೇಕು; ನಮ್ಮ ಕಟ್ಟಡದ ನಲ್ಲಿಯಲ್ಲಿ ಮಧ್ಯಾಹ್ನ ಎರಡರ ನಂತರ ನೀರು ಬರುತ್ತಿರಲಿಲ್ಲ. ನೀರು ನಿಂತದ್ದು ತಿಳಿಯದೆ ಹೋದ ಒಂದು ದಿನ ಹೆಕ್ಸೇನ್ ಆವಿ ಕೋಣೆಗೆ ಹರಡಿ, ಹೀಟಿಂಗ್ ಮ್ಯಾಂಟಲ್ ಆರಿಸಿ ಕಿಟಕಿಗಳನ್ನೆಲ್ಲ ತೆರೆದು ಎಲ್ಲರೂ ಹೊರಗೆ ನಿಲ್ಲಬೇಕಾಯಿತು. ಹೆಕ್ಸೇನ್ ಬೆಂಕಿಗೆ ಎಷ್ಟು ಬೇಗ ತುತ್ತಾಗುತ್ತದೆ ಎಂಬುದನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಮರುದಿನ ಬಕೆಟ್ಟಿನಲ್ಲಿ ಮಂಜುಗಡ್ಡೆಯ ನೀರು, ಅದರೊಳಗೆ ಕೂಲರಿನ ಚಿಕ್ಕ ಪಂಪು ಇಟ್ಟು ಅದೇ ನೀರು ಸುತ್ತುವಂತೆ ಮಾಡಿದೆವು. ನೀರೂ ಉಳಿಯಿತು, ಭಯವೂ ಹೋಯಿತು. ಈ ಕೆಲಸ ಮಾಡುವವರು ದ್ರಾವಕ ಕುದಿಯುತ್ತಿರುವಾಗ ಊಟಕ್ಕೆ ಎದ್ದು ಹೋಗಬಾರದು ಎಂದು ಕಳಕಳಿಯಿಂದ ಹೇಳುತ್ತೇನೆ.

ಸೋಕ್ಸ್‌ಲೆಟ್‌ನಲ್ಲಿ ಶೇಕಡಾ 70ರ ಎಥನಾಲ್ ಹಾಕಿದ್ದು ಹೋಲಿಕೆಯ ಬುಡಕ್ಕೇ ಪೆಟ್ಟು ಕೊಟ್ಟ ತಪ್ಪು. ನೆನೆಸುವಿಕೆಯ ಎಥನಾಲ್ ಸಾರಕ್ಕೂ ಸೋಕ್ಸ್‌ಲೆಟ್‌ನ ಎಥನಾಲ್ ಸಾರಕ್ಕೂ ಹಸಿರು ಬಣ್ಣದಲ್ಲಿ ಅಷ್ಟೊಂದು ಅಂತರವೇಕೆ ಎಂದು ನಾನು ಹಲವು ದಿನ ತಲೆ ಕೆಡಿಸಿಕೊಂಡಿದ್ದೆ. ಕೊನೆಗೆ ಮೇಡಂ ಫಲಕದ ಮೇಲೆ ಒಂದು ವಕ್ರರೇಖೆ ಎಳೆದು ತೋರಿಸಿದರು. ಎಥನಾಲ್ ಮತ್ತು ನೀರಿನ ಮಿಶ್ರಣವನ್ನು ಕುದಿಸಿದರೆ ಮೇಲೇರುವ ಆವಿಯಲ್ಲಿ ಎಥನಾಲ್‌ನ ಪಾಲು ಹೆಚ್ಚಿರುತ್ತದೆ. ಹಾಗಾಗಿ ಫ್ಲಾಸ್ಕಿನಲ್ಲಿ ಶೇಕಡಾ 70 ಇದ್ದರೂ ಥಿಂಬಲ್‌ಗೆ ಬೀಳುವ ಹನಿಯಲ್ಲಿ ಶೇಕಡಾ 80ಕ್ಕೂ ಹೆಚ್ಚು ಎಥನಾಲ್ ಇರುತ್ತದೆ. ಎರಡು ಬಾಟಲಿಗಳ ಮೇಲೂ ನಾನು ಒಂದೇ ದ್ರಾವಕದ ಹೆಸರು ಬರೆದಿದ್ದೆ. ಎಲೆ ಕಂಡ ದ್ರಾವಕ ಮಾತ್ರ ಎರಡು ಕಡೆ ಬೇರೆಯಾಗಿತ್ತು. ಮಿಶ್ರ ದ್ರಾವಕಕ್ಕೆ ಸೋಕ್ಸ್‌ಲೆಟ್ ಸಲ್ಲದು. ಅದಕ್ಕೆ ಬದಲು ಪುಡಿಯನ್ನು ದ್ರಾವಕದೊಳಗೇ ಹಾಕಿ, ಮೇಲೆ ಕಂಡೆನ್ಸರ್ ಇಟ್ಟು ಕುದಿಸುವ ರಿಫ್ಲಕ್ಸ್ ಸರಿ. ನೀರಿಗೂ ಅದನ್ನೇ ಮಾಡಿದೆ. ಹೀಗೆ ಎರಡು ದ್ರಾವಕಗಳ ಸಾಲಿನಲ್ಲಿ ಸೋಕ್ಸ್‌ಲೆಟ್ ಎಂಬ ಪದವನ್ನು ಹೊಡೆದುಹಾಕಿದೆ.

ಕಿವಿಗೆ ಕೇಳಿಸದ ಶಬ್ದತರಂಗಗಳನ್ನು ಹಾಯಿಸುವ ಅಲ್ಟ್ರಾಸೌಂಡ್ ತೊಟ್ಟಿಯ ಕೆಲಸ ಬೇಗ ಮುಗಿಯಿತು. ಅರ್ಧ ಗಂಟೆಯಲ್ಲಿ, ನೆನೆಸುವಿಕೆಯ ಮೂರು ದಿನದ ಕೆಲಸಕ್ಕೆ ಬಲು ಹತ್ತಿರದ ಫಲ ಬಂದಾಗ ಮೊದಲು ನಂಬಿಕೆಯಾಗಲಿಲ್ಲ. ದ್ರವದೊಳಗೆ ಹುಟ್ಟಿ ಒಡೆಯುವ ಸೂಕ್ಷ್ಮ ಗುಳ್ಳೆಗಳು ಎಲೆಯ ಜೀವಕೋಶದ ಗೋಡೆಯನ್ನು ಹರಿಯುವುದರಿಂದ ಈ ವೇಗ. ಆದರೆ ತೊಟ್ಟಿಯ ನೀರು ಕೂಡ ಬಿಸಿಯಾಗುತ್ತ ಹೋಗುತ್ತದೆ. ಥರ್ಮಾಮೀಟರ್ ಇಟ್ಟು ನೋಡದಿದ್ದರೆ ಫಲ ಶಬ್ದದಿಂದ ಬಂತೋ ಶಾಖದಿಂದ ಬಂತೋ ಹೇಳಲಾಗದು. ಮಂಜುಗಡ್ಡೆ ಹಾಕುತ್ತ 30 ಡಿಗ್ರಿ ದಾಟದಂತೆ ನೋಡಿಕೊಂಡೆ. ತೊಟ್ಟಿಯ ಎಲ್ಲ ಮೂಲೆಯಲ್ಲೂ ಶಬ್ದದ ಬಲ ಒಂದೇ ಇರುವುದಿಲ್ಲವಾದ್ದರಿಂದ ಫ್ಲಾಸ್ಕನ್ನು ಪ್ರತಿ ಸಲ ಒಂದೇ ಗುರುತಿನಲ್ಲಿಟ್ಟೆ.

ರೋಟರಿ ಇವಾಪೊರೇಟರಿನಲ್ಲಿ, ಕಡಿಮೆ ಒತ್ತಡದಲ್ಲಿ, 40 ಡಿಗ್ರಿ ದಾಟಿಸದೆ ದ್ರಾವಕ ತೆಗೆದು ಉಳಿದ ಸಾರವನ್ನು ತೂಗಿದೆ. ಮೊದಲ ಕೋಷ್ಟಕ ತಯಾರಾದಾಗ ನನ್ನ ತೀರ್ಮಾನ ಸಿದ್ಧವಾಗಿತ್ತು: ಅತಿ ಹೆಚ್ಚು ತೂಕದ ಸಾರ ಕೊಟ್ಟದ್ದು ಮೆಥನಾಲ್ ಮತ್ತು ಸೋಕ್ಸ್‌ಲೆಟ್‌ನ ಜೋಡಿ, ಆದ್ದರಿಂದ ಅದೇ ಉತ್ತಮ. ಒಟ್ಟು ಫಿನಾಲ್ ಅಳೆದ ಮೇಲೆ ಎರಡನೆಯ ಕೋಷ್ಟಕ ಬಂತು. ಅದರಲ್ಲಿ ಈಥೈಲ್ ಅಸಿಟೇಟ್ ಮುಂದಿತ್ತು. ಎರಡೂ ಅಳತೆಗಳು ಸರಿಯಾಗಿಯೇ ಇದ್ದವು. ನಾನು ಎರಡು ದಿನ ನಿದ್ದೆಗೆಟ್ಟು ಲೆಕ್ಕವನ್ನು ಮತ್ತೆ ಮತ್ತೆ ಹಾಕಿದ ಮೇಲೆ ಗೋಜಲು ಬಿಡಿಸಿತು. ಸುಲಭವಾದ ಸಂಖ್ಯೆಗಳಲ್ಲಿ ಹೇಳುವುದಾದರೆ, 10 ಗ್ರಾಂ ಎಲೆಯಿಂದ ಒಂದು ದ್ರಾವಕ 2 ಗ್ರಾಂ ಸಾರ ಕೊಟ್ಟು, ಆ ಸಾರದ ಪ್ರತಿ ಗ್ರಾಮಿನಲ್ಲಿ 100 ಮಿಲಿಗ್ರಾಂ ಫಿನಾಲ್ ಇದೆ ಎನ್ನೋಣ. ಇನ್ನೊಂದು ಅರ್ಧ ಗ್ರಾಂ ಸಾರವಷ್ಟೇ ಕೊಟ್ಟು, ಅದರ ಪ್ರತಿ ಗ್ರಾಮಿನಲ್ಲಿ 250 ಮಿಲಿಗ್ರಾಂ ಇದೆ ಎನ್ನೋಣ. ಸಾರದ ಲೆಕ್ಕದಲ್ಲಿ ಎರಡನೆಯದು ಎರಡೂವರೆ ಪಟ್ಟು ಮುಂದೆ. ಎಲೆಯ ಲೆಕ್ಕಕ್ಕೆ ಬಂದರೆ ಮೊದಲನೆಯದು ಪ್ರತಿ ಗ್ರಾಂ ಎಲೆಯಿಂದ 20 ಮಿಲಿಗ್ರಾಂ ತೆಗೆದಿದೆ, ಎರಡನೆಯದು 12.5 ಮಾತ್ರ. ಮೆಥನಾಲ್ ಫಿನಾಲ್‌ಗಳ ಜೊತೆ ಸಕ್ಕರೆ, ಲವಣ ಎಲ್ಲವನ್ನೂ ಎಳೆದು ತಂದು ಸಾರವನ್ನು ತೂಕದಲ್ಲಿ ಭಾರ, ಗುಣದಲ್ಲಿ ತೆಳು ಮಾಡುತ್ತದೆ. ಈಥೈಲ್ ಅಸಿಟೇಟ್ ಸಕ್ಕರೆಯನ್ನು ಮುಟ್ಟುವುದಿಲ್ಲ. ಎಲೆಯಲ್ಲಿ ಎಷ್ಟಿದೆ ಎಂದು ತಿಳಿಯಬೇಕಾದವರಿಗೆ ಒಂದು ಲೆಕ್ಕ, ಸಾಂದ್ರವಾದ ಸಾರ ಬೇಕಾದವರಿಗೆ ಇನ್ನೊಂದು ಲೆಕ್ಕ. ಓದಿದ್ದ ಎಷ್ಟೋ ಪ್ರಬಂಧಗಳಲ್ಲಿ ಯಾವ ಗ್ರಾಂ ಎಂಬುದನ್ನು ಹೇಳದೆಯೇ ಗೆಲುವು ಸಾರಿರುವುದನ್ನು ಆಮೇಲೆ ಗಮನಿಸಿದೆ, ಮತ್ತು ಇದನ್ನು ಸಣ್ಣ ಲೋಪವೆಂದು ನಾನು ಒಪ್ಪಲಾರೆ.

ಫಿನಾಲ್ ಅಳೆಯಲು ಬಳಸಿದ್ದು ಫೋಲಿನ್–ಸಿಯೊಕಾಲ್ಟೊ ವಿಧಾನ. ಹಳದಿ ಕಾರಕ ನೀಲಿಗೆ ತಿರುಗುತ್ತದೆ. ಆ ನೀಲಿಯನ್ನು 765 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆದು, ತಿಳಿದ ಪ್ರಮಾಣದ ಗ್ಯಾಲಿಕ್ ಆಮ್ಲದಿಂದ ಎಳೆದ ರೇಖೆಯೊಡನೆ ಹೋಲಿಸಬೇಕು. ಆದರೆ ಈ ಕಾರಕ ಫಿನಾಲ್‌ಗಳನ್ನಷ್ಟೇ ಗುರುತಿಸುವುದಿಲ್ಲ. ವಿಟಮಿನ್ ಸಿ, ಕೆಲವು ಸಕ್ಕರೆಗಳು, ಪ್ರೋಟೀನಿನ ತುಣುಕುಗಳು ಕೂಡ ಅದನ್ನು ನೀಲಿಯಾಗಿಸುತ್ತವೆ. ನೀರಿನ ಸಾರದ ಅಂಕಿ ಅಷ್ಟು ಎತ್ತರದಲ್ಲಿ ಏಕೆ ನಿಂತಿತ್ತು ಎಂಬುದಕ್ಕೆ ತೆಳುಪದರ ಕ್ರೊಮೆಟೊಗ್ರಫಿ, ಎಂದರೆ ಹಾಳೆಯ ಮೇಲೆ ದ್ರವ ಏರುವಾಗ ಸಂಯುಕ್ತಗಳು ಬೇರ್ಪಡುವ ವಿಧಾನ, ಉತ್ತರ ಕೊಟ್ಟಿತು. ಸಿಲಿಕಾ ಹಾಳೆಯ ಮೇಲೆ ಐದೂ ಸಾರಗಳ ಚುಕ್ಕೆ ಇಟ್ಟು, ಟಾಲೂಯಿನ್ ಮತ್ತು ಈಥೈಲ್ ಅಸಿಟೇಟ್ ಮಿಶ್ರಣದಲ್ಲಿ ಏರಿಸಿ, ನೇರಳಾತೀತ ದೀಪದಡಿ ಹಿಡಿದೆ. ಹೆಕ್ಸೇನ್ ಸಾರದಲ್ಲಿ ಯೂಜೆನಾಲ್‌ನ ಚುಕ್ಕೆ ಮೇಲೆ ಸ್ಪಷ್ಟವಾಗಿತ್ತು, ಹೈಡ್ರಾಕ್ಸಿಚಾವಿಕಾಲ್ ಇರಬೇಕಾದ ಜಾಗ ಬಹುತೇಕ ಖಾಲಿ. ಈಥೈಲ್ ಅಸಿಟೇಟ್‌ನಲ್ಲಿ ಎರಡೂ ಇದ್ದವು. ನೀರಿನ ಸಾರದಲ್ಲಿ ಬಹುಪಾಲು ವಸ್ತು ಹೊರಟ ಗೆರೆ ಬಿಟ್ಟು ಕದಲಿರಲಿಲ್ಲ. ಫೆರಿಕ್ ಕ್ಲೋರೈಡ್ ಸಿಂಪಡಿಸಿದಾಗ ಹೈಡ್ರಾಕ್ಸಿಚಾವಿಕಾಲ್‌ನ ಚುಕ್ಕೆ ಹಸಿರುಗಪ್ಪಾಗಿ ಎದ್ದು ನಿಂತಿತು. ಕೋಷ್ಟಕದ ಅಂಕಿಗಳು ಹೇಳದ ಸಂಗತಿಯನ್ನು ಅಂಗೈ ಅಗಲದ ಆ ಹಾಳೆ ಹೇಳಿತು.

ಮೇಣದ ಕಾಟ ತಪ್ಪಿಸಲು ಪುಡಿಯನ್ನು ಮೊದಲು ಹೆಕ್ಸೇನಿನಲ್ಲಿ ತೊಳೆಯುವ ರೂಢಿ ಹಲವರಲ್ಲಿದೆ. ನಾನೂ ಒಮ್ಮೆ ಹಾಗೆ ಮಾಡಿ, ತೊಳೆದ ಹೆಕ್ಸೇನನ್ನು ಚೆಲ್ಲುವ ಡಬ್ಬಿಗೆ ಸುರಿಯುವ ಮೊದಲು ಕುತೂಹಲಕ್ಕೆ ಒಂದು ಚುಕ್ಕೆ ಹಾಳೆಯ ಮೇಲೆ ಇಟ್ಟೆ. ಯೂಜೆನಾಲ್ ಅಲ್ಲಿತ್ತು. ಮೇಣ ತೆಗೆಯುವ ನೆಪದಲ್ಲಿ ಎಲೆಯ ಪರಿಮಳವನ್ನೇ ಚೆಲ್ಲುತ್ತಿದ್ದೆ.

ಇನ್ನೊಂದು ಸಂಗತಿ ಹೇಳಲೇಬೇಕು. ಹೆಕ್ಸೇನ್ ಸಾರವನ್ನು ಹೊರಗಿನ ಒಂದು ಪ್ರಯೋಗಾಲಯಕ್ಕೆ ಜಿಸಿ–ಎಂಎಸ್ ಪರೀಕ್ಷೆಗೆ (ಆವಿಯಾಗುವ ಸಂಯುಕ್ತಗಳನ್ನು ಬೇರ್ಪಡಿಸಿ, ಅಣುಚೂರುಗಳ ತೂಕದಿಂದ ಗುರುತಿಸುವ ಪರೀಕ್ಷೆ) ಕಳಿಸಿದ್ದೆವು. ಬಂದ ಪಟ್ಟಿಯಲ್ಲಿ ಒಂದು ಥ್ಯಾಲೇಟ್‌ನ ಹೆಸರು ನಕ್ಷೆಯ ಎತ್ತರದ ಶಿಖರದೆದುರು ಇತ್ತು. ಥ್ಯಾಲೇಟ್‌ಗಳು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಲು ಸೇರಿಸುವ ವಸ್ತುಗಳು. ನಾನು ಆ ಸಾರವನ್ನು ಒಂದು ವಾರ ಪ್ಲಾಸ್ಟಿಕ್ ಮುಚ್ಚಳದ ಬಾಟಲಿಯಲ್ಲಿಟ್ಟಿದ್ದೆ. ಎಲೆಯಿಲ್ಲದೆ ಬರೀ ಹೆಕ್ಸೇನನ್ನು ಅದೇ ಬಾಟಲಿ, ಅದೇ ಥಿಂಬಲ್, ಅದೇ ಕಾಲಾವಧಿಯಲ್ಲಿ ಹಾಯಿಸಿ ಮತ್ತೆ ಕಳಿಸಿದಾಗ ಅದೇ ಶಿಖರ ಬಂತು. ಆ ಖಾಲಿ ಮಾದರಿಯ ಖರ್ಚು ಏಕೆ ಎಂದು ಮೊದಲು ಕೈಬಿಟ್ಟಿದ್ದವಳು ನಾನೇ. ಅದನ್ನು ಮಾಡದಿದ್ದರೆ ಬಾಟಲಿಯ ಮುಚ್ಚಳದ ವಸ್ತುವನ್ನು ವೀಳ್ಯದೆಲೆಯ ಗುಣವೆಂದು ಬರೆದುಬಿಡುತ್ತಿದ್ದೆ.

ಕೊನೆಯ ವರದಿಯಲ್ಲಿ ಪ್ರತಿ ಅಂಕಿಯನ್ನೂ ಎರಡು ಕಂಬಸಾಲುಗಳಲ್ಲಿ ಕೊಟ್ಟೆ: ಪ್ರತಿ ಗ್ರಾಂ ಸಾರಕ್ಕೆ, ಪ್ರತಿ ಗ್ರಾಂ ಒಣ ಎಲೆಗೆ. ಎಲೆಯಲ್ಲಿರುವ ಫಿನಾಲ್‌ಗಳ ಒಟ್ಟು ಪ್ರಮಾಣ ಬೇಕಾದಾಗ, ತಣ್ಣನೆಯ ತೊಟ್ಟಿಯಲ್ಲಿ ಶೇಕಡಾ 70ರ ಎಥನಾಲ್‌ನೊಂದಿಗೆ ಅಲ್ಟ್ರಾಸೌಂಡ್ ವಿಧಾನವನ್ನು ಮೂರು ಬಾರಿ ಅದೇ ಪುಡಿಯ ಮೇಲೆ ಮಾಡಿ ಕೂಡಿಸುವುದನ್ನು ಆರಿಸಿದೆ. ಹೈಡ್ರಾಕ್ಸಿಚಾವಿಕಾಲ್ ಒಂದನ್ನೇ ಹಿಡಿಯಬೇಕಾದಾಗ ಈಥೈಲ್ ಅಸಿಟೇಟ್. ಪರಿಮಳದ ಎಣ್ಣೆಗೆ ದ್ರಾವಕವೇ ಬೇಡ, ಹಸಿ ಎಲೆಯನ್ನು ನೀರಿನೊಡನೆ ಕ್ಲೆವೆಂಜರ್ ಉಪಕರಣದಲ್ಲಿ ಭಟ್ಟಿ ಇಳಿಸಬೇಕು. ಶ್ರೀಗಂಧದ ಎಣ್ಣೆ ಇಳಿಸಿದ ಊರಿನಲ್ಲಿ ಇದು ಯಾರಿಗೂ ಹೊಸ ಮಾತಲ್ಲ.

ವರದಿ ಒಪ್ಪಿಸಿದ ಮರುವಾರ ಮತ್ತೆ ಅದೇ ಎಲೆ ಅಂಗಡಿಗೆ ಹೋದೆ. ಒಂದೇ ತೋಟದ, ಒಂದೇ ದಿನ ಕೊಯ್ದ ಚಿಗುರೆಲೆ ಒಂದು ಕಟ್ಟು, ಬಲಿತ ಎಲೆ ಒಂದು ಕಟ್ಟು ಬೇಕೆಂದೆ. ಯಜಮಾನರು ಬುಟ್ಟಿಗಳನ್ನು ತಡಕಿ ಎರಡನ್ನೂ ಬೇರೆ ಬೇರೆ ಬಾಳೆಪಟ್ಟೆಯಲ್ಲಿ ಸುತ್ತಿ ಕೊಟ್ಟರು. ಒಣಗಿಸದೆ, ತೂಗಿ, ಕತ್ತರಿಸಿದ ಕೂಡಲೇ ತಣ್ಣನೆಯ ಮೆಥನಾಲ್‌ಗೆ ಹಾಕಿದ ಆರು ಗಾಜಿನ ಬಾಟಲಿಗಳು, ಎಲೆಯಿಲ್ಲದ ಏಳನೆಯದೊಂದರ ಜೊತೆಗೆ, ಈಗ ಫ್ರೀಜರಿನಲ್ಲಿವೆ.